ಅಪ್ಪನಂತಾಗುವ ಭಯ: ಒಕೊಂಕ್ವೊ ಬಿದ್ದ ಬಗೆ

ಕಾಡಿನ ಕಿರುದಾರಿಯಲ್ಲಿ ಗಂಡಸರ ಸಾಲೊಂದು ನಡೆಯುತ್ತಿದೆ. ಎಲ್ಲರ ಬಳಿಯೂ ಒರೆಯಲ್ಲಿಟ್ಟ ಮಚ್ಚು. ನಡುವೆ, ತಲೆಯ ಮೇಲೆ ಹೆಂಡದ ಗಡಿಗೆ ಹೊತ್ತ ಹದಿಹರೆಯದ ಹುಡುಗ. ತನ್ನನ್ನು ಹುಟ್ಟೂರಿಗೆ ಮರಳಿ ಕರೆದೊಯ್ಯುತ್ತಿದ್ದಾರೆ ಎಂದು ಅವನು ನಂಬಿದ್ದಾನೆ. ಹಿಂದಿನಿಂದ ಯಾರೋ ಗಂಟಲು ಸರಿಪಡಿಸಿಕೊಳ್ಳುತ್ತಾರೆ, ಹುಡುಗ ತಿರುಗಿ ನೋಡುತ್ತಾನೆ, ಮುಂದೆ ನಡೆ ಎಂದು ಗದರಿಸಲಾಗುತ್ತದೆ, ಮಚ್ಚು ಮೇಲೇಳುತ್ತದೆ. ಸಾಲಿನ ಹಿಂದಕ್ಕೆ ಸರಿದಿದ್ದ ಒಬ್ಬ ಮನುಷ್ಯ ಆಗ ಮುಖ ತಿರುಗಿಸುತ್ತಾನೆ. ಗಡಿಗೆ ಮರಳಿನ ಮೇಲೆ ಬಿದ್ದು ಒಡೆದ ಸದ್ದು ಅವನಿಗೆ ಕೇಳುತ್ತದೆ. 'ಅಪ್ಪಾ, ನನ್ನನ್ನು ಕೊಂದರು' ಎಂದು ಕೂಗುತ್ತ ಹುಡುಗ ತನ್ನತ್ತಲೇ ಓಡಿಬರುವುದು ಕಾಣುತ್ತದೆ. ಅವನು ತನ್ನ ಮಚ್ಚನ್ನು ಹಿರಿದು ಹುಡುಗನನ್ನು ಕಡಿಯುತ್ತಾನೆ. ಏಕೆ ಎಂಬುದನ್ನು ಲೇಖಕ ಒಂದೇ ಸಣ್ಣ ವಾಕ್ಯದಲ್ಲಿ ಹೇಳಿ ಮುಗಿಸುತ್ತಾನೆ: ತನ್ನನ್ನು ದುರ್ಬಲನೆಂದುಕೊಂಡಾರು ಎಂದು ಅವನು ಹೆದರಿದ್ದ.

ಆ ಮನುಷ್ಯ ಒಕೊಂಕ್ವೊ, ಹುಡುಗ ಇಕೆಮೆಫುನ, ಕಾದಂಬರಿ ನೈಜೀರಿಯಾದ ಚಿನುವಾ ಅಚೆಬೆ 1958ರಲ್ಲಿ ಪ್ರಕಟಿಸಿದ 'ಥಿಂಗ್ಸ್ ಫಾಲ್ ಅಪಾರ್ಟ್'. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಬ್ರಿಟಿಷರ ಮಿಷನರಿಗಳೂ ಅಧಿಕಾರಿಗಳೂ ಬಂದು ತಲುಪುವ ಹೊತ್ತಿನಲ್ಲಿ, ಇಗ್ಬೊ ಜನರ ಉಮುವೋಫಿಯ ಎಂಬ ಊರಿನಲ್ಲಿ ನಡೆಯುವ ಈ ಕಥೆಯ ನಾಯಕ ಏಕೆ ಬೀಳುತ್ತಾನೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಮೂರು: ಅವನ ಮುಂಗೋಪ, ಅವನ ಅಹಂಕಾರ, ಬಿಳಿಯರ ಆಗಮನ. ಮೂರರಲ್ಲಿಯೂ ಸತ್ಯಾಂಶವಿದೆ. ಆದರೆ ಮೊದಲಿನ ಎರಡು ರೋಗದ ಲಕ್ಷಣಗಳೇ ಹೊರತು ರೋಗವಲ್ಲ; ಮೂರನೆಯದು ಅವನನ್ನು ಮುರಿದ ಪೆಟ್ಟು ಹೌದಾದರೂ, ಅದೇ ಪೆಟ್ಟು ತಿಂದ ಇಡೀ ಊರಿನಲ್ಲಿ ಹಾಗೆ ಮುರಿದದ್ದು ಅವನೊಬ್ಬನೇ ಏಕೆ ಎಂಬುದಕ್ಕೆ ಅದು ಉತ್ತರ ಕೊಡುವುದಿಲ್ಲ. ರೋಗದ ಹೆಸರನ್ನು ಅಚೆಬೆ ಬಚ್ಚಿಟ್ಟಿಲ್ಲ. ಕಾದಂಬರಿಯ ಎರಡನೆಯ ಅಧ್ಯಾಯದಲ್ಲಿಯೇ, ಈ ಮನುಷ್ಯನ ಇಡೀ ಬದುಕನ್ನು ಆಳುತ್ತಿದ್ದುದು ಭಯ, ಸೋಲಿನ ಮತ್ತು ದೌರ್ಬಲ್ಯದ ಭಯ ಎಂದು ನೇರವಾಗಿ ತಿಳಿಸಿಬಿಡುತ್ತಾನೆ. ಓದುಗನಿಗೆ ಇದು ಆರಂಭದಲ್ಲೇ ಗೊತ್ತು, ಒಕೊಂಕ್ವೊನಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ಕಾದಂಬರಿಯ ಬಿಗಿಯೆಲ್ಲ ಈ ಅಂತರದಲ್ಲಿದೆ.

ದುರಂತದ ವಿಚಾರ ಬಂದಾಗಲೆಲ್ಲ ಭಯದ ಮಾತು ಬರುತ್ತದೆ, ಆದರೆ ಬೇರೆ ಕಡೆಯಿಂದ. ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಹೇಳುವ ಭಯ ಪ್ರೇಕ್ಷಕನದು: ನಮ್ಮಂಥವನೇ ಆದ ಒಬ್ಬನಿಗೆ ಇಂಥ ಗತಿ ಬಂದದ್ದನ್ನು ಕಂಡು ನಮ್ಮಲ್ಲಿ ಹುಟ್ಟುವ ನಡುಕ. ನಾಯಕನಲ್ಲಿ ಅವನು ಗುರುತಿಸುವುದು ಹಮಾರ್ಶಿಯ ಎಂಬ ತಪ್ಪುಹೆಜ್ಜೆಯನ್ನು, ಬಾಣ ಗುರಿ ತಪ್ಪಿದಂಥ ಎಡವಟ್ಟನ್ನು. ನಮ್ಮ ರಸಶಾಸ್ತ್ರದಲ್ಲಿಯೂ ಭಯಕ್ಕೆ ಸ್ಥಾಯಿಭಾವದ ಪಟ್ಟವಿದ್ದು ಅದರಿಂದ ಭಯಾನಕ ರಸ ಹುಟ್ಟುತ್ತದಾದರೂ, ನಾಟ್ಯಶಾಸ್ತ್ರ ಅದನ್ನು ಧೀರನಾಯಕನಿಗೆ ಒಪ್ಪಿಸುವುದಿಲ್ಲ; ಭಯವೆಂಬುದು ಸ್ತ್ರೀಯರಿಗೂ ನೀಚ ಪ್ರಕೃತಿಯವರಿಗೂ ಸೇರಿದ ಭಾವ ಎನ್ನುತ್ತದೆ. ಈ ಮಾತು ಕೇಳಿದ್ದರೆ ಒಕೊಂಕ್ವೊ ಖಂಡಿತ ತಲೆದೂಗುತ್ತಿದ್ದ. ಅವನ ತೊಂದರೆ ಇರುವುದೂ ಅಲ್ಲಿಯೇ: ಭಯ ಹೆಂಗಸಿನದು, ಕೈಲಾಗದವನದು ಎಂದು ನಂಬಿದವನೊಳಗೆ ಭಯ ಹುಟ್ಟಿದಾಗ ಅದು ತನ್ನ ಹೆಸರಿನಲ್ಲಿ ಹೊರಬರಲು ಸಾಧ್ಯವಿಲ್ಲ, ಇನ್ನೊಂದು ಭಾವದ ವೇಷ ತೊಡಲೇಬೇಕು. ಒಕೊಂಕ್ವೊನಲ್ಲಿ ಅದು ಕ್ರೋಧದ ವೇಷ ತೊಟ್ಟಿದೆ. ಹೊರಗೆ ರೌದ್ರ, ಒಳಗೆ ಭಯಾನಕ.

ಈ ಭಯದ ಮೂಲ ಅವನ ತಂದೆ ಉನೋಕ. ಎತ್ತರದ, ತುಸು ಬಾಗಿದ ಮೈಯ, ಕೊಳಲು ಬಾರಿಸುವ, ಹೆಂಡ ಮತ್ತು ಗೆಳೆಯರ ಒಡನಾಟ ಪ್ರಿಯವಾಗಿದ್ದ, ರಕ್ತ ಕಂಡರಾಗದ, ಊರ ತುಂಬ ಸಾಲ ಮಾಡಿದ್ದ ಮನುಷ್ಯ. ಒಮ್ಮೆ ನೆರೆಯವನೊಬ್ಬ ತಾನು ಕೊಟ್ಟಿದ್ದ ಇನ್ನೂರು ಕವಡೆಯ ಸಾಲವನ್ನು ಸುತ್ತುಬಳಸಿ ನೆನಪಿಸಿದಾಗ ಉನೋಕ ಹೊಟ್ಟೆ ಹುಣ್ಣಾಗುವಂತೆ ನಗುತ್ತಾನೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆಗಳ ಗುಂಪುಗಳನ್ನು ತೋರಿಸಿ, ಇವೆಲ್ಲ ತನ್ನ ಸಾಲಗಳು, ದೊಡ್ಡ ಸಾಲಗಳನ್ನು ಮೊದಲು ತೀರಿಸುವುದು ತನ್ನ ಕ್ರಮ ಎಂದು ಸಮಜಾಯಿಷಿ ಕೊಡುತ್ತಾನೆ. ಓದುವ ನಮಗೆ ನಗು ಬರುತ್ತದೆ. ಅದೇ ಗುಡಿಸಲಿನಲ್ಲಿ ಬೆಳೆದ ಮಗನಿಗೆ ಬಂದಿರಲಾರದು. ಚಿಕ್ಕಂದಿನಲ್ಲಿ ಜೊತೆಯ ಹುಡುಗನೊಬ್ಬ ಉನೋಕನನ್ನು 'ಅಗ್ಬಾಲ' ಎಂದಾಗಲೇ ಆ ಪದಕ್ಕೆ ಹೆಂಗಸು ಎಂಬ ಅರ್ಥದ ಜೊತೆಗೆ, ಯಾವ ಬಿರುದನ್ನೂ ಗಳಿಸದ ಗಂಡಸು ಎಂಬ ಅರ್ಥವೂ ಇದೆಯೆಂದು ಒಕೊಂಕ್ವೊನಿಗೆ ತಿಳಿದದ್ದು. ಕೊನೆಗೆ ಉನೋಕ ಮೈ ಬಾತುಕೊಳ್ಳುವ ಕಾಯಿಲೆಗೆ ಸಿಕ್ಕಿದ. ಅದು ಭೂದೇವಿ ಆನಿಗೆ ಮೈಲಿಗೆಯಾದ ಕಾಯಿಲೆಯಾದ್ದರಿಂದ ಅವನನ್ನು ಮನೆಯಲ್ಲಿ ಸಾಯಗೊಡದೆ ಕೇಡಿನ ಕಾಡಿಗೆ ಹೊತ್ತೊಯ್ದು ಬಿಟ್ಟುಬಂದರು, ಮಣ್ಣೂ ಆಗಲಿಲ್ಲ. ಹೋಗುವಾಗ ತನ್ನ ಕೊಳಲನ್ನು ಜೊತೆಗೆ ಒಯ್ದ.

ಹೀಗೆ ಹುಟ್ಟಿದ ಭಯಕ್ಕೆ ಒಂದು ವಿಶೇಷ ಗುಣವಿದೆ. ಸಾಮಾನ್ಯ ಭಯಕ್ಕೆ ಹೊರಗೊಂದು ಆಧಾರವಿರುತ್ತದೆ: ಹುಲಿ, ಶತ್ರು, ಬರಗಾಲ. ಅದನ್ನು ಎದುರಿಸಬಹುದು, ಗೆಲ್ಲಬಹುದು, ಓಡಿಯಾದರೂ ಹೋಗಬಹುದು. ಹದಿನೆಂಟರ ಹರೆಯದಲ್ಲಿ ಒಕೊಂಕ್ವೊ ಏಳು ವರ್ಷ ಯಾರಿಗೂ ಬೆನ್ನು ತಾಗಿಸದಿದ್ದ ಅಮಲಿಂಜೆ ಎಂಬ ಜಟ್ಟಿಯನ್ನು ಚಿತ್ ಮಾಡಿದ; ಆ ಕುಸ್ತಿ ಅಲ್ಲಿಗೆ ಮುಗಿಯಿತು, ಒಂಬತ್ತು ಹಳ್ಳಿಗಳಲ್ಲಿ ಹೆಸರಾಯಿತು. ಆದರೆ ಸತ್ತ ತಂದೆಯನ್ನು ಚಿತ್ ಮಾಡುವುದು ಹೇಗೆ? ಎದುರಾಳಿ ಅಖಾಡದಲ್ಲಿಲ್ಲ, ತನ್ನ ಮೈಯೊಳಗೇ ಇದ್ದಾನೆ. ಕ್ಷಣ ಮೈಮರೆತರೆ ತಾನೇ ಅವನಾಗಿಬಿಡಬಹುದು. ಆದ್ದರಿಂದ ಈ ಕುಸ್ತಿಗೆ ಗೆಲುವೆಂಬುದಿಲ್ಲ, ಪ್ರತಿದಿನ ಹೊಸದಾಗಿ ಸೆಣಸುವುದಷ್ಟೇ ಇದೆ.

ಈ ಭಯ ಅವನನ್ನು ಮೊದಲು ಕೆಡವಲಿಲ್ಲ, ಮೇಲೆತ್ತಿತು ಎಂಬುದನ್ನು ಮರೆತರೆ ಕಾದಂಬರಿ ಅರ್ಥವಾಗುವುದಿಲ್ಲ. ತಂದೆಯಿಂದ ಕಣಜವೂ ಬರಲಿಲ್ಲ, ಬಿರುದೂ ಬರಲಿಲ್ಲ. ನ್ವಕಿಬಿಯೆ ಎಂಬ ಶ್ರೀಮಂತ ಹಿರಿಯನ ಮನೆಗೆ ಹೆಂಡ ಒಯ್ದು ಕೇಳಿದಾಗ ಆತ ಬೇರೆ ಹುಡುಗರಿಗೆ ಇಲ್ಲವೆಂದಿದ್ದರೂ ಇವನಿಗೆ 800 ಯಾಮ್ ಬಿತ್ತನೆ ಗೆಡ್ಡೆಗಳನ್ನು ಪಾಲಿಗೆ ಕೊಡುತ್ತಾನೆ. ಪಾಲಿನ ಬೇಸಾಯದಲ್ಲಿ ದುಡಿದವನಿಗೆ ಉಳಿಯುವುದು ಮೂರರಲ್ಲೊಂದು ಭಾಗ. ಆ ವರ್ಷವೇ ಮೊದಲು ಮಳೆ ಕೈಕೊಟ್ಟು, ಆಮೇಲೆ ಬಿಡದೆ ಸುರಿದು ಬೆಳೆ ಹಾಳಾಯಿತು. ಒಬ್ಬ ರೈತ ನೇಣು ಹಾಕಿಕೊಂಡ. ಒಕೊಂಕ್ವೊ ಉಳಿದ. ಈ ವರ್ಷ ದಾಟಿದವನು ಏನನ್ನಾದರೂ ದಾಟುತ್ತೇನೆ ಎಂದು ಮುಂದೆ ನೆನಪಿಸಿಕೊಳ್ಳುತ್ತಿದ್ದ. ಕಣಜ, ಮೂವರು ಹೆಂಡಿರು, ಬಿರುದುಗಳು ಎಲ್ಲವೂ ಬಂದವು. ಭಯ ಅವನಿಗೆ ಒಳ್ಳೆಯ ಸಂಬಳ ಕೊಟ್ಟ ಯಜಮಾನ. ಅಂಥ ಯಜಮಾನನನ್ನು ಯಾರು ಸಂಶಯಿಸುತ್ತಾರೆ?

ಅದೇ ದುರ್ಭಿಕ್ಷದ ವರ್ಷದಲ್ಲಿ ಕಾಯಿಲೆಯ ಉನೋಕ ಮಗನಿಗೆ ಒಂದು ಮಾತು ಹೇಳುತ್ತಾನೆ. ಎಲ್ಲರ ಜೊತೆ ಸೋತರೆ ಸ್ವಾಭಿಮಾನಿ ಅದನ್ನು ತಡೆದುಕೊಳ್ಳಬಲ್ಲ, ಏಕೆಂದರೆ ಅಂಥ ಸೋಲು ಅಭಿಮಾನವನ್ನು ಚುಚ್ಚುವುದಿಲ್ಲ. ಒಬ್ಬನೇ ಸೋಲುವುದು ಬಲು ಕಹಿ. ಇಡೀ ಕಾದಂಬರಿಯಲ್ಲಿ ಒಕೊಂಕ್ವೊನ ಭವಿಷ್ಯವನ್ನು ಇಷ್ಟು ಸರಿಯಾಗಿ ಕಂಡವರು ಇನ್ನೊಬ್ಬರಿಲ್ಲ, ಮತ್ತು ಆ ಮಾತು ಅವನಿಗೆ ಕಿರಿಕಿರಿಯಷ್ಟೇ ಆಗುತ್ತದೆ. ಹೇಳಿದವನು ಉನೋಕನಾದ್ದರಿಂದ ಅದು ಕೇಳತಕ್ಕ ಮಾತಾಗಲೇ ಇಲ್ಲ.

ಇಲ್ಲಿಂದ ಭಯ ಒಂದು ನಿಯಮವಾಗಿ ಗಟ್ಟಿಯಾಗುವುದನ್ನು ಗಮನಿಸಬೇಕು. ಉನೋಕನಿಗೆ ಪ್ರಿಯವಾಗಿದ್ದದ್ದೆಲ್ಲವನ್ನೂ ದ್ವೇಷಿಸುವುದು ಆ ನಿಯಮ. ಉನೋಕ ಸೋಮಾರಿಯಾಗಿದ್ದ, ಸರಿ. ಆದರೆ ಅವನು ಮೃದುವೂ ಆಗಿದ್ದ. ಸೋಮಾರಿತನವನ್ನು ಬಿಡುವುದು ವಿವೇಕ, ಮೃದುತ್ವವನ್ನೂ ಅದರ ಜೊತೆಗೆ ಕಟ್ಟಿ ಎಸೆಯುವುದು ಭಯದ ಕೆಲಸ. ಭಯಕ್ಕೆ ಕಾಳು ಯಾವುದು, ಜೊಳ್ಳು ಯಾವುದು ಎಂದು ಕೇರಿ ನೋಡುವ ತಾಳ್ಮೆ ಇರುವುದಿಲ್ಲ. ಹೀಗಾಗಿ ಇಕೆಮೆಫುನನ ಮೇಲೆ ಒಳಗೊಳಗೇ ಅಕ್ಕರೆ ಬೆಳೆದರೂ ಅವನು ತೋರಿಸುವುದಿಲ್ಲ. ಕೋಪವೊಂದನ್ನು ಬಿಟ್ಟು ಬೇರಾವ ಭಾವವನ್ನು ತೋರಿಸಿದರೂ ಅದು ದೌರ್ಬಲ್ಯವೆಂದು ಅವನ ಲೆಕ್ಕ. ಶಾಂತಿವಾರದಲ್ಲಿ, ನೆರೆಯವನಿಗೆ ಒರಟು ಮಾತನ್ನೂ ಆಡಬಾರದೆಂಬ ಕಟ್ಟಳೆಯಿರುವ ಆ ದಿನಗಳಲ್ಲಿ, ಜಡೆ ಹಾಕಿಸಿಕೊಳ್ಳಲು ಹೋಗಿ ಅಡುಗೆಯ ಹೊತ್ತಿಗೆ ಮರಳದ ಕಿರಿಯ ಹೆಂಡತಿಯನ್ನು ಅವನು ಹೊಡೆಯುತ್ತಾನೆ. ಇದು ಪವಿತ್ರ ವಾರವೆಂದು ಉಳಿದ ಹೆಂಡಿರು ನೆನಪಿಸಿದರೂ ನಿಲ್ಲಿಸುವುದಿಲ್ಲ. ದೇವತೆಗೆ ಹೆದರಿಯಾದರೂ ಅರ್ಧಕ್ಕೆ ಕೈ ತಡೆಯುವ ಜಾಯಮಾನ ಅವನದಲ್ಲವಂತೆ. ದೇವತೆಗೇ ಹೆದರದವನು ಎಂದು ಊರವರು ಇದನ್ನು ಸೊಕ್ಕು ಎಂದು ಓದುತ್ತಾರೆ. ಅವನು ಒಳಗೆ ಪಶ್ಚಾತ್ತಾಪ ಪಡುತ್ತಿದ್ದಾನೆಂದೂ, ಅದನ್ನು ನಾಲ್ಕು ಜನರೆದುರು ಆಡಿ ತೋರಿಸಲಾರನೆಂದೂ ಲೇಖಕ ನಮಗೆ ಮಾತ್ರ ಹೇಳುತ್ತಾನೆ. ಆನಿಗೆ ಹೆದರದವನು ಉನೋಕನಿಗೆ ಹೆದರುತ್ತಾನೆ.

ಈಗ ಕಾಡಿನ ದಾರಿಗೆ ಮರಳೋಣ. ಇಕೆಮೆಫುನ, ಎಂಬೈನೊ ಊರಿನವರು ಉಮುವೋಫಿಯದ ಹೆಣ್ಣುಮಗಳೊಬ್ಬಳನ್ನು ಕೊಂದದ್ದಕ್ಕೆ ಪರಿಹಾರವಾಗಿ ಒಪ್ಪಿಸಿದ ಹುಡುಗ. ಮೂರು ವರ್ಷ ಒಕೊಂಕ್ವೊನ ಮನೆಯಲ್ಲಿ ಬೆಳೆದು ಅವನನ್ನು ಅಪ್ಪ ಎನ್ನುತ್ತಿದ್ದವನನ್ನು ಕೊಲ್ಲಬೇಕೆಂದು ಬೆಟ್ಟ ಮತ್ತು ಗುಹೆಗಳ ದೈವ ನುಡಿಯಿತು. ಆ ದೈವದ ಹೆಸರೂ ಅಗ್ಬಾಲ ಎಂಬುದನ್ನು ಗಮನಿಸಿ: ಉನೋಕನನ್ನು ಹಂಗಿಸಲು ಬಳಸಿದ್ದ ಅದೇ ಪದದಿಂದ ಕರೆಯಲ್ಪಡುವ ದೈವಕ್ಕೆ ಇಡೀ ಸುತ್ತಿನ ಊರುಗಳು ನಡುಗುತ್ತವೆ. ಹೆಣ್ಣು ಎಂಬುದು ದೌರ್ಬಲ್ಯದ ಇನ್ನೊಂದು ಹೆಸರು ಎಂಬ ಒಕೊಂಕ್ವೊನ ಸಮೀಕರಣವನ್ನು ಅವನ ಭಾಷೆಯೇ ಒಪ್ಪಿಲ್ಲ.

ಕೊಲೆ ದೈವದ ಆಜ್ಞೆಯಾಗಿತ್ತು, ನಿಜ. ಆದರೆ ಕೊಲ್ಲುವವರ ಸಾಲಿನಲ್ಲಿ ಅವನು ಇರಬೇಕೆಂದು ಯಾರೂ ಆಜ್ಞಾಪಿಸಿರಲಿಲ್ಲ. ಊರಿನ ಅತಿ ಹಿರಿಯನಾದ ಎಝೆಯುಡು ಮನೆಗೇ ಬಂದು, ಹುಡುಗ ನಿನ್ನನ್ನು ಅಪ್ಪ ಎನ್ನುತ್ತಾನೆ, ಅವನ ಸಾವಿನಲ್ಲಿ ಕೈಯಿಡಬೇಡ ಎಂದು ಎಚ್ಚರಿಸಿದ್ದ. ಗೆಳೆಯ ಒಬಿಯೆರಿಕ ಹೋಗಲೇ ಇಲ್ಲ. ದೈವ ನನ್ನ ಮಗನನ್ನೇ ಕೊಲ್ಲಬೇಕೆಂದರೂ ಎದುರಾಡೆನು, ಆದರೆ ಕೊಲ್ಲುವವನೂ ನಾನಾಗೆನು ಎಂದು ಆಮೇಲೆ ಅವನು ಬಿಡಿಸಿ ಹೇಳುತ್ತಾನೆ. ಬಿರುದುಗಳುಳ್ಳ ಒಬಿಯೆರಿಕನನ್ನು ಇದಕ್ಕಾಗಿ ಯಾರೂ ಹೇಡಿ ಎನ್ನಲಿಲ್ಲ. ಹೀಗೆ ಒಕೊಂಕ್ವೊನ ಮುಂದೆ ಗೌರವದ ದಾರಿಯೊಂದು ತೆರೆದೇ ಇತ್ತು, ಅದನ್ನು ಅವನು ಕಾಣದಂತೆ ಮಾಡಿದ್ದು ಭಯ. ತನ್ನವರು ತನ್ನನ್ನು ಅಳೆಯುತ್ತಾರೆಂದು ಅವನು ಊಹಿಸಿಕೊಂಡಿದ್ದ ಅಳತೆಗೋಲು ಅವರ ಕೈಯಲ್ಲಿರಲಿಲ್ಲ, ಅವನ ಕೈಯಲ್ಲೇ ಇತ್ತು. ಕೊಂದ ಮೇಲೆ ಎರಡು ದಿನ ಅನ್ನ ಮುಟ್ಟದೆ ಕುಡಿಯುತ್ತಾನೆ, ನಿದ್ದೆ ಬಾರದೆ ಒದ್ದಾಡುತ್ತಾನೆ, ನೀನು ಯಾವಾಗ ನಡುಗುವ ಮುದುಕಿಯಾದೆ ಎಂದು ತನ್ನನ್ನೇ ಹೀಯಾಳಿಸಿಕೊಳ್ಳುತ್ತಾನೆ. ದುಃಖ ಬಂದಾಗಲೂ ಅದಕ್ಕೆ ಅವನಲ್ಲಿರುವುದು ಬೈಗುಳವೊಂದೇ.

ಇವನ ಎದೆಯಲ್ಲಿ ಬೇರೆ ಬಗೆಯ ಭಯಕ್ಕೆ ಎಡೆಯೇ ಇರಲಿಲ್ಲವೆಂದಲ್ಲ. ಒಂದು ರಾತ್ರಿ ದೈವದ ಪೂಜಾರಿಣಿ ಬಂದು ಅವನ ಮುದ್ದಿನ ಮಗಳು ಎಝಿನ್ಮಳನ್ನು ಬೆನ್ನಿಗೆ ಹಾಕಿಕೊಂಡು ಕತ್ತಲೆಯಲ್ಲಿ ಗುಹೆಗೆ ಹೊರಡುತ್ತಾಳೆ. ತಾಯಿ ಎಕ್ವೆಫಿ ಹಿಂದೆಯೇ ಓಡುತ್ತಾಳೆ. ಗುಹೆಯ ಬಾಯಲ್ಲಿ ಅವಳು ಹೆದರಿ ನಿಂತಿರುವಾಗ ಹಿಂದಿನಿಂದ ಮಚ್ಚು ಹಿಡಿದು ಬಂದವನು ಒಕೊಂಕ್ವೊ. ಆಗ ಅದು ಧೀರ ಗಂಡನ ಪ್ರವೇಶದಂತೆ ಕಾಣುತ್ತದೆ. ನಿಜ ಏನೆಂಬುದನ್ನು ಮುಂದಿನ ಅಧ್ಯಾಯ ಹೇಳುತ್ತದೆ: ಗಂಡಸಿಗೆ ತಕ್ಕಷ್ಟು ಹೊತ್ತು ಎಂದು ತಾನೇ ಲೆಕ್ಕಹಾಕಿ, ಅಷ್ಟು ಹೊತ್ತು ತಡೆದುಕೊಂಡು ಅವನು ಹೊರಟಿದ್ದ, ಗುಹೆಯಲ್ಲಿ ಯಾರೂ ಕಾಣದೆ ಮನೆಗೆ ಬಂದು ಮತ್ತೆ ಹೋಗಿದ್ದ, ಹೆಂಡತಿ ಕಣ್ಣಿಗೆ ಬಿದ್ದದ್ದು ನಾಲ್ಕನೆಯ ಸಲ. ಅಷ್ಟರಲ್ಲಿ ಅವನು ಚಿಂತೆಯಿಂದ ಹಣ್ಣಾಗಿದ್ದ. ನನ್ನ ಮಟ್ಟಿಗೆ ಕಾದಂಬರಿಯಲ್ಲಿ ಅತ್ಯಂತ ಕರುಣಾಜನಕ ವಿವರ ಇದು, ಕೊನೆಯಲ್ಲಿ ಬರುವ ಅವನ ನೇಣಿಗಿಂತಲೂ. ಒಬ್ಬರಿಗಾಗಿ ಪಡುವ ಭಯ, ಅಂದರೆ ಪ್ರೀತಿ, ಅವನಲ್ಲಿ ಧಾರಾಳವಾಗಿದೆ. ಆದರೆ ಅದು ಹೊರಡುವ ಮೊದಲು ತಾನು ಕಾಣಿಸಿಕೊಳ್ಳುವ ಬಗೆಯ ಭಯದಿಂದ ಅಪ್ಪಣೆ ಪಡೆದು, ಗಂಡಸುತನದ ಗಡುವು ಮುಗಿಯುವವರೆಗೆ ಬಾಗಿಲಲ್ಲಿ ಕಾಯಬೇಕು.

ಪತನದ ಎಲ್ಲ ಮೆಟ್ಟಿಲುಗಳನ್ನೂ ಭಯವೇ ಕಟ್ಟಿತೆಂದರೆ ಅತಿಯಾದೀತು. ಎಝೆಯುಡುವಿನ ಉತ್ತರಕ್ರಿಯೆಯಲ್ಲಿ ಒಕೊಂಕ್ವೊನ ಬಂದೂಕು ಸಿಡಿದು ಸತ್ತವನ ಹದಿನಾರು ವರ್ಷದ ಮಗ ಬಲಿಯಾದದ್ದು ಆಕಸ್ಮಿಕ. ಅದಕ್ಕಾಗಿ ಅವನು ಏಳು ವರ್ಷ ತಾಯಿಯ ತವರಾದ ಎಂಬಂತದಲ್ಲಿ ದೇಶಭ್ರಷ್ಟನಾಗಿರಬೇಕಾಗುತ್ತದೆ. ಭಯದ ಪಾತ್ರ ಇರುವುದು ಆ ಏಳು ವರ್ಷಗಳನ್ನು ಅವನು ಕಳೆದ ರೀತಿಯಲ್ಲಿ. ಸೋದರಮಾವ ಉಚೆಂಡು ಅವನನ್ನು ಕೂರಿಸಿಕೊಂಡು, ನಮ್ಮಲ್ಲಿ ಹೆಣ್ಣುಮಕ್ಕಳಿಗೆ 'ತಾಯಿಯೇ ಮೇಲು' ಎಂಬ ಅರ್ಥದ ನ್ನೆಕ ಎಂಬ ಹೆಸರಿಡುವುದೇಕೆ ಗೊತ್ತೇ ಎಂದು ಕೇಳುತ್ತಾನೆ. ಹೊಡೆಸಿಕೊಂಡ ಮಗು ತಾಯಿಯ ಬಳಿಗೇ ಓಡುತ್ತದೆ, ಹಾಗೆಯೇ ಗಂಡಸಿಗೂ ಕಷ್ಟ ಬಂದಾಗ ತಾಯಿಯ ನೆಲ ಆಸರೆ ಎಂಬುದು ಮುದುಕ ಕೊಡುವ ಉತ್ತರ. ಒಕೊಂಕ್ವೊನಿಗೆ ಮೊದಲು ಉತ್ತರ ತಿಳಿದಿರುವುದಿಲ್ಲ, ಕೇಳಿದ ಮೇಲೂ ಅದು ಎದೆಗಿಳಿಯುವುದಿಲ್ಲ. ಇಗ್ಬೊ ಸಮಾಜ ಗಡಸು ಗಂಡಸುತನವನ್ನು ಬೆಳೆಸಿತ್ತು, ಸಂಶಯವಿಲ್ಲ. ಆದರೆ ಅದರ ಪಕ್ಕದಲ್ಲಿಯೇ ಭೂದೇವಿಯನ್ನೂ, ಶಾಂತಿವಾರವನ್ನೂ, ತಾಯಿಯ ತವರನ್ನೂ ಇರಿಸಿ ತೂಕ ಸರಿಮಾಡಿಕೊಂಡಿತ್ತು. ಒಕೊಂಕ್ವೊನನ್ನು ಆ ಸಂಸ್ಕೃತಿಯ ಪ್ರತಿನಿಧಿ ಎಂದು ಕರೆಯುವ ವಿಮರ್ಶೆಯನ್ನು ನಾನು ಒಪ್ಪಲಾರೆ. ಅವನು ಅದರ ಅರ್ಧವನ್ನಷ್ಟೇ ಎತ್ತಿಕೊಂಡವನು. ಉಳಿದರ್ಧ ಅವನಿಗೆ ತಂದೆಯಂತೆ ಕಂಡಿತು.

ಅವನ ಭಯ ಮನೆಯಲ್ಲಿ ಬಿತ್ತಿದ್ದು ಮಗ ನ್ವೊಯೆಯಲ್ಲಿ ಫಲಕ್ಕೆ ಬರುತ್ತದೆ. ತಾಯಿ ಹೇಳುವ ಆಮೆ ಹಕ್ಕಿಗಳ ಕಥೆ ಇಷ್ಟಪಡುವ ಹುಡುಗ, ಅಪ್ಪನ ಮೆಚ್ಚುಗೆಗಾಗಿ ಯುದ್ಧದ ಕಥೆ ಇಷ್ಟವೆಂದು ನಟಿಸುತ್ತಾನೆ. ಅಣ್ಣನಂತಿದ್ದ ಇಕೆಮೆಫುನನನ್ನು ಕೊಂದ ರಾತ್ರಿ ಅಪ್ಪ ಮನೆಗೆ ಬಂದೊಡನೆ ಅವನಿಗೆ ಎಲ್ಲವೂ ತಿಳಿದು, ಎಳೆದ ಬಿಲ್ಲಿನ ಹುರಿ ಸಡಿಲಿದಂತೆ ಒಳಗೇನೋ ಕಳಚಿಕೊಳ್ಳುತ್ತದೆ. ಮುಂದೆ ಮಿಷನರಿಗಳ ಹಾಡು ಕಿವಿಗೆ ಬಿದ್ದಾಗ ಅವನನ್ನು ಸೆಳೆಯುವುದು ಅವರ ದೇವತತ್ತ್ವವಲ್ಲ, ಆ ಗಾಯಕ್ಕೆ ಅದರಲ್ಲಿ ಸಿಕ್ಕ ತಂಪು. ವಿಷಯ ತಿಳಿದ ಒಕೊಂಕ್ವೊ ಮಗನ ಕುತ್ತಿಗೆ ಹಿಡಿಯುತ್ತಾನೆ, ಉಚೆಂಡು ಬಿಡಿಸುತ್ತಾನೆ, ಹುಡುಗ ಮತ್ತೆ ಮರಳುವುದಿಲ್ಲ. ಉರಿಯುವ ಜ್ವಾಲೆ ಎಂದು ಹೆಸರಾದ ತನಗೆ ಇಂಥ ಮಗ ಹೇಗೆ ಹುಟ್ಟಿದ ಎಂದು ಒಲೆಯ ಮುಂದೆ ಕುಳಿತು ಯೋಚಿಸಿ, ಬೆಂಕಿ ಹೆರುವುದು ತಣ್ಣನೆಯ ಬೂದಿಯನ್ನು ಎಂಬ ತೀರ್ಮಾನಕ್ಕೆ ಬರುತ್ತಾನೆ. ಮಗನಲ್ಲಿ ಅವನು ಮತ್ತೆ ಉನೋಕನನ್ನೇ ಕಾಣುತ್ತಾನೆ. ನೋಡಿದರೆ, ತಂದೆಯಂತಾಗಬಾರದೆಂಬ ಹಟದಲ್ಲಿ ತಂದೆಯನ್ನು ತೊರೆದವರು ಆ ಮನೆಯಲ್ಲಿ ಇಬ್ಬರು, ಮತ್ತು ಎರಡನೆಯವನಿಗೆ ಪಾಠ ಹೇಳಿಕೊಟ್ಟವನು ಮೊದಲನೆಯವನೇ.

ಉಮುವೋಫಿಯಕ್ಕೆ ಮರಳಿದಾಗ ಊರು ಬದಲಾಗಿದೆ: ಚರ್ಚು, ನ್ಯಾಯಾಲಯ, ಜಿಲ್ಲಾಧಿಕಾರಿ. ಚರ್ಚನ್ನು ಸುಟ್ಟದ್ದಕ್ಕಾಗಿ ಆರು ಮುಖಂಡರನ್ನು ಮಾತುಕತೆಗೆಂದು ಕರೆಸಿ, ಬೇಡಿ ಹಾಕಿ, ತಲೆ ಬೋಳಿಸಿ, ಹೊಡೆದು ಅವಮಾನಿಸುತ್ತಾರೆ, ಒಕೊಂಕ್ವೊ ಅವರಲ್ಲೊಬ್ಬ. ಇಲ್ಲಿ ಅನ್ಯಾಯ ಅವನ ಕಲ್ಪನೆಯಲ್ಲ, ಶತ್ರು ಹೊರಗೇ ಇದ್ದಾನೆ; ಬದುಕಿನಲ್ಲಿ ಬಹುಶಃ ಮೊದಲ ಬಾರಿಗೆ ಅವನ ಕೋಪಕ್ಕೆ ನ್ಯಾಯವಾದ ಗುರಿಯಿದೆ. ದುರಂತವೆಂದರೆ, ಇಷ್ಟು ವರ್ಷ ಭಯದ ಕೈಯಲ್ಲಿ ಪಳಗಿದ ಕೈಗೆ ಒಂದೇ ಚಲನೆ ಗೊತ್ತಿದೆ. ಬಿಡುಗಡೆಯ ನಂತರ ಊರವರು ಸೇರಿದ ಸಭೆಯನ್ನು ನಿಲ್ಲಿಸಲು ಐವರು ಸರ್ಕಾರಿ ಜವಾನರು ಬರುತ್ತಾರೆ, ಮುಂದಿದ್ದವನ ತಲೆಯನ್ನು ಮಚ್ಚು ಉರುಳಿಸುತ್ತದೆ. ಕಾಡಿನ ದಾರಿಯಲ್ಲಿ ಕಂಡ ಅದೇ ಮಚ್ಚು, ಅದೇ ಅವಸರ: ಯಾರಾದರೂ ಏನಾದರೂ ಅಂದುಕೊಳ್ಳುವ ಮೊದಲೇ ಬೀಳಬೇಕಾದ ಏಟು. ಉಳಿದ ನಾಲ್ವರನ್ನು ಜನ ಓಡಲು ಬಿಟ್ಟರು. ಗದ್ದಲದ ನಡುವೆ 'ಅವನೇಕೆ ಹೀಗೆ ಮಾಡಿದ' ಎಂದು ಯಾರೋ ಕೇಳಿದ್ದು ಅವನ ಕಿವಿಗೆ ಬೀಳುತ್ತದೆ. ಅವನು ಮಚ್ಚನ್ನು ಮರಳಿಗೆ ಒರೆಸಿ ಹೊರಟುಹೋಗುತ್ತಾನೆ. ಎಲ್ಲರ ಜೊತೆ ಸೋಲುವುದಕ್ಕಿಂತ ಒಬ್ಬನೇ ಸೋಲುವುದು ಕಹಿ ಎಂದು ಉನೋಕ ಹೇಳಿದ್ದು ಇದನ್ನೇ.

ಜಿಲ್ಲಾಧಿಕಾರಿ ಸೈನಿಕರೊಂದಿಗೆ ಬರುವಷ್ಟರಲ್ಲಿ ಅವನ ದೇಹ ಮನೆಯ ಹಿಂದಿನ ಮರಕ್ಕೆ ನೇತಾಡುತ್ತಿದೆ. ನೇಣು ಭೂದೇವಿಗೆ ಮೈಲಿಗೆ. ತನ್ನವರು ಆ ದೇಹವನ್ನು ಮುಟ್ಟುವಂತಿಲ್ಲ, ಹೂಳುವಂತಿಲ್ಲ. ಕೇಡಿನ ಕಾಡಿಗೆ ಹೋದ ತಂದೆಗೂ ನೆಲ ದಕ್ಕಿರಲಿಲ್ಲ. ಬದುಕಿನುದ್ದಕ್ಕೂ ಯಾವ ಗತಿಯಿಂದ ದೂರ ಓಡಿದನೋ ಅದೇ ಗತಿಗೆ, ಅದೇ ಆನಿಯ ಕಟ್ಟಳೆಯ ಬಾಗಿಲಿನಿಂದಲೇ ಬಂದು ಸೇರಿದ. ಅಧಿಕಾರಿಗೆ ಇದು ತಾನು ಬರೆಯಲಿರುವ ಪುಸ್ತಕದಲ್ಲಿ ಒಂದು ಪ್ಯಾರಾಕ್ಕೆ ಸಾಕಾಗುವ ಸಂಗತಿ.

ದೇಹವನ್ನು ಇಳಿಸಲು ಅಧಿಕಾರಿಯ ಆಳುಗಳ ನೆರವು ಕೇಳುವ ಕೆಲಸ ಒಬಿಯೆರಿಕನ ಪಾಲಿಗೆ ಬರುತ್ತದೆ. ಗೆಳೆಯನ ತೂಗಾಡುವ ದೇಹವನ್ನೇ ನೋಡುತ್ತ ನಿಂತಿದ್ದವನು ಒಮ್ಮೆಲೇ ತಿರುಗಿ, ಉಮುವೋಫಿಯದ ದೊಡ್ಡ ಮನುಷ್ಯರಲ್ಲಿ ಒಬ್ಬನಾಗಿದ್ದವನನ್ನು ನೀವು ಸಾವಿಗೆ ಅಟ್ಟಿದಿರಿ, ಇನ್ನು ಅವನು ನಾಯಿಯಂತೆ ಮಣ್ಣಾಗುತ್ತಾನೆ ಎಂದು ಅಧಿಕಾರಿಯ ಮುಖಕ್ಕೇ ಹೇಳಹೊರಡುತ್ತಾನೆ. ಮಾತು ಮುಂದೆ ಸಾಗುವುದಿಲ್ಲ. ಎಲ್ಲರೆದುರಿಗೆ ಅವನ ದನಿ ನಡುಗಿ ಗಂಟಲು ಕಟ್ಟುತ್ತದೆ. ಜವಾನನೊಬ್ಬ ಬಾಯಿಮುಚ್ಚು ಎಂದು ಗದರುತ್ತಾನೆಯೇ ಹೊರತು, ಅಲ್ಲಿ ನಿಂತ ಅವನ ಊರಿನವರಲ್ಲಿ ಯಾರೊಬ್ಬರೂ ಅವನನ್ನು ಅಗ್ಬಾಲ ಎನ್ನುವುದಿಲ್ಲ.